ದಪ್ಪಂದು ಕೊಡಿ, ಅಕ್ಕೋರೆ

(ಗ್ರಂಥಪಾಲಕರ ದಿನದಂದು ಶಿರಸಿಯಲ್ಲಿ ಆಡಿದ ಮಾತಿನ ಬರಹ ರೂಪ. ಆವತ್ತು ತಗಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿಗೆ ಹಿಂದಿನ ಸಾಲಿನವರಿಗೆ ಕೇಳಿಸದೆ ಹೋದದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಕೊಟ್ಟ ವಿಷಯ ‘ಯಾರಿಗೆ ಯಾವ ಪುಸ್ತಕ’. ಕಾರವಾರ, ಕುಮಟಾ, ಶಿರಸಿ ಅಂತ ಮೂವತ್ತು ವರ್ಷ ಗ್ರಂಥಾಲಯದ ಕೌಂಟರಿನ ಹಿಂದೆ ಕೂತವಳು, ಒಂದು ಪಟ್ಟಿಯನ್ನಾದರೂ ತಂದಿರುತ್ತಾಳೆ ಅಂತ ಮುಂದಿನ ಸಾಲಿನಲ್ಲಿ ಕೆಲವರು ಪೆನ್ನು ತೆಗೆದು ಕೂತಿದ್ದೀರಿ. ಪಟ್ಟಿ ತಂದಿಲ್ಲ. ಒಂದು ಸಲ ಮೇಲಿನಿಂದ ನಮಗೊಂದು ಪಟ್ಟಿ ಬಂದಿತ್ತು, ‘ಓದಲೇಬೇಕಾದ ನೂರು ಪುಸ್ತಕಗಳು’ ಅಂತ. ಗೋಡೆಗೆ ಅಂಟಿಸಿ ಅಂದರು, ಅಂಟಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿದು ಮೂವತ್ತೊಂದರಿಂದ ನಲವತ್ತರವರೆಗಿನ ಹೆಸರು ಕಾಣದಾದವು. ಕಾಣುತ್ತಿಲ್ಲ ಅಂತ ಒಬ್ಬರೂ ಬಂದು ಹೇಳಲಿಲ್ಲ.

ನಮ್ಮಲ್ಲಿ ಜನ ಪುಸ್ತಕ ಕೇಳುವ ರೀತಿಯೇ ಬೇರೆ. ಪಟ್ಟಿಯಲ್ಲಿ ಇದ್ದ ಹಾಗೆ ಲೇಖಕ, ಕೃತಿ, ಪ್ರಕಾಶಕ ಅಂತ ಹೇಳಿಕೊಂಡು ಬರುವವರು ಎಂ.ಎ. ಮಾಡುವವರು ಮಾತ್ರ. ಉಳಿದವರು, “ಅಕ್ಕೋರೆ, ಒಂದು ಚೊಲೋ ಪುಸ್ತಕ ಕೊಡಿ.” ಅಷ್ಟೇ. ನಾನು ಶಾಲೆಯ ಅಕ್ಕೋರಲ್ಲ. ಆದರೂ ಈ ಜಿಲ್ಲೆಯಲ್ಲಿ ಪುಸ್ತಕದ ಹತ್ತಿರ ಇರುವ ಹೆಂಗಸರೆಲ್ಲ ಅಕ್ಕೋರೇ.

ಮೊದಮೊದಲು ನಾನೂ ಎಲ್ಲರೂ ಮಾಡುವ ತಪ್ಪನ್ನೇ ಮಾಡುತ್ತಿದ್ದೆ. ನನಗೆ ಚೊಲೋ ಅನ್ನಿಸಿದ್ದನ್ನು ಕೊಡುತ್ತಿದ್ದೆ. ಅದು ಹದಿನೈದು ದಿನಕ್ಕೆ ವಾಪಸ್ ಬರುತ್ತಿತ್ತು. ‘ಓದಿದಿರಾ’ ಅಂದರೆ ‘ಹೂಂ ಓದಿದೆ’ ಅನ್ನುತ್ತಿದ್ದರು. ಪುಸ್ತಕ ಬಿಚ್ಚಿದರೆ ಇಪ್ಪತ್ತೆರಡನೇ ಪುಟದಲ್ಲಿ ಬಸ್ ಟಿಕೇಟು. ಓದಿದ್ದು ಅಲ್ಲಿಯವರೆಗೆ. ಆಮೇಲೆ ನಾನು ಜನರ ಮಾತು ಕೇಳುವುದನ್ನು ಕಡಿಮೆ ಮಾಡಿ ಟಿಕೇಟು ನೋಡುವುದನ್ನು ಕಲಿತೆ. ರೇಷನ್ ಚೀಟಿ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಕೂದಲಿನ ಪಿನ್ನು, ಒಮ್ಮೆ ಒಂದು ಒಣಗಿದ ವೀಳ್ಯದೆಲೆ. ಎಲ್ಲಿ ನಿಂತಿತು ಅಂತ ಗೊತ್ತಾದರೆ ಯಾಕೆ ನಿಂತಿತು ಅಂತ ಕೇಳಬಹುದು. ಕೇಳಿದಾಗ ಸಿಕ್ಕ ಉತ್ತರ ನೂರಕ್ಕೆ ತೊಂಬತ್ತು ಸಲ ಒಂದೇ: “ಪುಸ್ತಕ ಚೊಲೋ ಇತ್ತು ಅಕ್ಕೋರೆ, ಹೊತ್ತೇ ಸಿಗಲಿಲ್ಲ.”

ಇದನ್ನು ಬಹಳ ವರ್ಷ ನಾನು ನೆಪ ಅಂದುಕೊಂಡಿದ್ದೆ. ನೆಪವಲ್ಲ, ಅದೇ ಸರಿಯಾದ ವಿಳಾಸ. ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನ ಕಟ್ಟಿದ ಎಸ್. ಆರ್. ರಂಗನಾಥನ್ ಅವರ ಹುಟ್ಟುಹಬ್ಬದ ಲೆಕ್ಕದಲ್ಲಿ ಈ ಆಗಸ್ಟ್ 12ನ್ನು ಆಚರಿಸುತ್ತೇವೆ. ಅವರು 1931ರಲ್ಲಿ ಬರೆದ ಐದು ಸೂತ್ರಗಳು ನಮ್ಮ ಕಸುಬಿನ ಅಆಇಈ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನುವುದು ಎಲ್ಲರಿಗೂ ಬಾಯಿಪಾಠ. ನಾಲ್ಕನೆಯದು, ಓದುಗನ ಸಮಯ ಉಳಿಸು. ಅದನ್ನು ನಾವು ‘ಪುಸ್ತಕ ಬೇಗ ಹುಡುಕಿ ಕೊಡು’ ಅಂತ ಅರ್ಥ ಮಾಡಿಕೊಂಡು ಪರೀಕ್ಷೆಯಲ್ಲಿ ಬರೆದು ಪಾಸಾದೆವು. ನಾನು ಕೌಂಟರಿನಲ್ಲಿ ಕಲಿತದ್ದು ಇನ್ನೊಂದು: ಎದುರಿಗೆ ನಿಂತವರಿಗೆ ಓದಲು ಯಾವ ಹೊತ್ತು ಇದೆ ಅನ್ನುವುದನ್ನು ಮೊದಲು ಕೇಳು. ವಯಸ್ಸು, ಓದು, ಅಭಿರುಚಿ ಎಲ್ಲ ಆಮೇಲೆ.

ಈ ಜಿಲ್ಲೆಯಲ್ಲಿ ಹೊತ್ತು ಅಂದರೆ ಗಡಿಯಾರದ್ದಷ್ಟೇ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ಕಾರವಾರದಲ್ಲಿದ್ದಾಗ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿಕೊಂಡು ನಿಂತ ಮೇಲೆ, ಬಲೆ ದುರಸ್ತಿ ಎಲ್ಲ ಒಂದು ಹಂತಕ್ಕೆ ಬಂದ ಮೇಲೆ, ಒಬ್ಬರು ಬರುತ್ತಿದ್ದರು. ಐವತ್ತರ ಆಸುಪಾಸು. ಛತ್ರಿ ಹೊರಗೆ ಬಿಟ್ಟು, ಕೈ ಲುಂಗಿಗೆ ಒರೆಸಿಕೊಂಡು, ನನ್ನ ಎದುರು ನಿಂತು ಮೊದಲ ದಿನ ಹೇಳಿದ್ದು ಇಷ್ಟೇ: “ದಪ್ಪಂದು ಕೊಡಿ ಅಕ್ಕೋರೆ. ಎರಡು ತಿಂಗಳಿಗೆ ಬರಬೇಕು.”

ನನಗೆ ನಗು ಬಂತು. ದಪ್ಪಂದು ಅಂತ ಪುಸ್ತಕ ಕೇಳುತ್ತಾರಾ, ಇದೇನು ಚಾದರವೇ! ಆದರೆ ಯೋಚಿಸಿ ನೋಡಿದರೆ ಇಷ್ಟು ಸ್ಪಷ್ಟವಾಗಿ ತನಗೆ ಬೇಕಾದದ್ದನ್ನು ಹೇಳಿದ ಓದುಗ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಹೊತ್ತು ಇಷ್ಟು, ಆ ಹೊತ್ತನ್ನು ತುಂಬಿಸುವಂಥದ್ದು ಕೊಡು. ಭೈರಪ್ಪನವರ ‘ಪರ್ವ’ ಕೊಟ್ಟೆ. ಯಕ್ಷಗಾನ ನೋಡಿ ಬೆಳೆದ ಮನುಷ್ಯ, ಮಹಾಭಾರತದ ಪಾತ್ರ ಒಂದನ್ನೂ ಪರಿಚಯ ಮಾಡಿಸಬೇಕಾಗಿಲ್ಲ. ದೇವರು, ವರ, ಶಾಪ ಎಲ್ಲ ತೆಗೆದುಹಾಕಿ ಬರೀ ಮನುಷ್ಯರನ್ನು ಉಳಿಸಿಕೊಂಡ ಕತೆ ಅವರಿಗೆ ಹಿಡಿಸುತ್ತದೋ, ಸಿಟ್ಟು ಬರಿಸುತ್ತದೋ ಅಂತ ಮಾತ್ರ ಅಳುಕಿತ್ತು. ಜುಲೈ ಮೂರನೇ ವಾರದಲ್ಲಿ ವಾಪಸ್ ತಂದರು. ಸಿಟ್ಟೇ ಬಂದಿತ್ತು. ಕೃಷ್ಣನ ವಿಷಯಕ್ಕೆ ನನ್ನ ಹತ್ತಿರ ಕಾಲು ಗಂಟೆ ಜಗಳ ಮಾಡಿ, ಕೊನೆಗೆ “ಇಂಥಾದ್ದೇ ಇನ್ನೊಂದು ಉಂಟಾ?” ಅಂದರು. ಪುಸ್ತಕ ಬಿಚ್ಚಿದರೆ ಕೊನೆಯ ಪುಟಗಳ ನಡುವೆ ಒಂದು ಮೀನಿನ ಹುರುಪೆ, ಉಗುರಿನಷ್ಟು, ದೀಪಕ್ಕೆ ಹಿಡಿದರೆ ಕಾಮನಬಿಲ್ಲು.

ಮರುವರ್ಷ ಕಾರಂತರ ‘ಮರಳಿ ಮಣ್ಣಿಗೆ’. ಮೂರು ತಲೆಮಾರು, ಕಡಲ ದಂಡೆ, ಉಪ್ಪುನೀರು, ಮಳೆ. ಅದರಲ್ಲಿ ಪಾರೋತಿ, ಸರಸೋತಿ ಅನ್ನುವ ಹೆಂಗಸರು ದುಡಿಯುವುದನ್ನು ಓದಿ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ: “ಬರೆದವರು ಗಂಡಸು ಹೌದಾ?” ಇದಕ್ಕಿಂತ ಚೊಲೋ ವಿಮರ್ಶೆಯನ್ನು ಆ ಕಾದಂಬರಿಯ ಬಗ್ಗೆ ನಾನಂತೂ ಓದಿಲ್ಲ.

ಅವರಿಂದ ಕಲಿತದ್ದನ್ನು ಘಟ್ಟದ ಮೇಲೆ ಬಂದಾಗ ತಿರುಗಿಸಿ ಹಾಕಬೇಕಾಯಿತು. ಶಿರಸಿಯಲ್ಲಿ ಕಡಲಿನ ರಜೆ ಇಲ್ಲ, ಅಡಿಕೆಯ ದುಡಿತ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿ. ದೀಪಾವಳಿ ಕಳೆದು ಅಡಿಕೆಯ ಕೊನೆಕೊಯ್ಲು ಶುರುವಾಯಿತೋ, ನಮ್ಮ ಗ್ರಂಥಾಲಯದಲ್ಲಿ ಹಳ್ಳಿ ಕಡೆಯ ಸದಸ್ಯರು ಮಾಯ. ನನಗೆ ಆಗ ಬೇಜಾರು. ಒಂದು ದಿನ ಒಬ್ಬ ಹೆಗಡೇರು ಪೇಟೆಗೆ ಬಂದವರು ಪುಸ್ತಕ ಹಿಂದಿರುಗಿಸಿ, ಬೇರೆ ತೆಗೆದುಕೊಳ್ಳದೆ ಹೊರಟರು. ಯಾಕೆ ಅಂದೆ. “ಎಂತ ಓದದು ತಂಗಿ, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯದು. ಕೈ ಎರಡೂ ಮೆಟ್ಟುಗತ್ತಿ ಮೇಲೆ.”

ಕೈ ಖಾಲಿ ಇಲ್ಲ, ಸರಿ. ಕಿವಿ? ಮನೆಯಲ್ಲಿ ಎಂಟು ಜನ ಸಾಲಾಗಿ ಕೂತು ಸುಲಿಯುತ್ತಾರೆ, ಒಬ್ಬ ಮೊಮ್ಮಗ ಹೈಸ್ಕೂಲಿಗೆ ಹೋಗುತ್ತಾನೆ ಅಂತ ಗೊತ್ತಿತ್ತು. ‘ಬೆಟ್ಟದ ಜೀವ’ ಕೊಟ್ಟು, ಅವನ ಹತ್ತಿರ ಗಟ್ಟಿಯಾಗಿ ಓದಿಸಿ ಅಂದೆ. ತೆಳ್ಳಗಿನ ಕಾದಂಬರಿ. ದಟ್ಟ ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಹೆಂಡತಿ, ಬಿಟ್ಟುಹೋದ ಮಗ. ಇದನ್ನು ನಾನು ಆರಿಸಿದ್ದಕ್ಕೆ ಕಾರಣ ಸಾಹಿತ್ಯದ್ದಲ್ಲ, ಅಡಿಕೆಯದ್ದು.

ಫಲಿತಾಂಶ ನಾನು ಎಣಿಸಿದ ಹಾಗೆ ಆಗಲಿಲ್ಲ. ಮೊದಲ ರಾತ್ರಿ ಹುಡುಗ ಹತ್ತು ಪುಟ ಓದಿದನಂತೆ. ಎರಡನೇ ರಾತ್ರಿ ತೋಟ ಮಾಡಿದ ಪ್ರಸಂಗ ಬಂದು, ಅಲ್ಲಿಗೆ ಓದು ನಿಂತೇ ಹೋಯಿತು. ಅಂಥ ಇಳಿಜಾರಿನಲ್ಲಿ ನೀರು ಹೇಗೆ ತಂದ, ಸಸಿ ಎಷ್ಟು ಅಂತರಕ್ಕೆ ಹಾಕಿದ್ದಿರಬೇಕು, ಆನೆ ಬಂದರೆ ಏನು ಮಾಡಿದ ಅಂತ ಅಜ್ಜನಿಗೂ ದೊಡ್ಡಪ್ಪನಿಗೂ ಚರ್ಚೆ ಹತ್ತಿ ಹನ್ನೊಂದಾಯಿತು. ನೂರೈವತ್ತು ಪುಟದ ಪುಸ್ತಕ ಮುಗಿಯಲು ಐದು ವಾರ. ನಾನು ಎರಡು ಸಲ ಅವಧಿ ಮುಂದೂಡಿ ಬರೆದುಕೊಂಡೆ. ವಾಪಸ್ ಬಂದಾಗ ಪುಟಗಳ ಅಂಚಿಗೆಲ್ಲ ಅಡಿಕೆಯ ಕಂದು ಬಣ್ಣ. ದಂಡ ಹಾಕಬೇಕಿತ್ತು, ಹಾಕಲಿಲ್ಲ. ಅದೇ ಮನೆಗೆ ಮುಂದಿನ ವರ್ಷ ತೇಜಸ್ವಿಯವರ ‘ಕರ್ವಾಲೊ’ ಹೋಯಿತು. ಆ ಮನೆಗೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡ, ಮರದಿಂದ ಮರಕ್ಕೆ ತೂಗಿಕೊಂಡು ದಾಟುವವನು, ಮಂದಣ್ಣನ ಪ್ರಸಂಗ ಬಂದಾಗ ನಕ್ಕೂ ನಕ್ಕೂ ಕವಳ ಉಗಿಯಲು ಹೊರಗೆ ಓಡಿದನಂತೆ. ಹಾರುವ ಓತಿಯನ್ನು ತಾನು ನೋಡಿದ್ದೇನೆ, ಅದಕ್ಕೆ ಅಷ್ಟು ದೊಡ್ಡ ವಿಜ್ಞಾನಿ ಯಾಕೆ ಅಂತ ಅವನ ಪ್ರಶ್ನೆ.

ಕಾಡು, ನೀರು, ಭೂಮಿ ಅಂತ ಕೇಳಿಕೊಂಡು ಬರುವವರಿಗೆ ಇಲ್ಲೇ ನಮ್ಮ ಸೀಮೆಯವರೇ ಬರೆದದ್ದಿದೆ. ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’, ಶಿವಾನಂದ ಕಳವೆಯವರ ‘ಕಾಡುನೆಲದ ಕಾಲಮಾನ’. ಇವಕ್ಕೆ ಶಿಫಾರಸು ಬೇಕಾಗಿಲ್ಲ. ಕಪಾಟಿನಲ್ಲಿ ಇಟ್ಟರೆ ಸಾಕು, ನಿಲ್ಲುವುದಿಲ್ಲ.

ಇನ್ನು ಬಸ್ಸಿನವರು. ಕುಮಟೆಯಿಂದ ಶಿರಸಿಗೆ ದಿನಾ ಓಡಾಡುವ ನೌಕರರು ಎಷ್ಟು ಜನ ಇದ್ದೀರಿ ಇಲ್ಲಿ? ಕೈ ಎತ್ತಬೇಡಿ, ಮುಖ ನೋಡಿದರೆ ಗೊತ್ತಾಗುತ್ತದೆ. ಒಬ್ಬಳು ಬ್ಯಾಂಕಿನ ಹುಡುಗಿ ನನ್ನ ಹತ್ತಿರ ಕಾದಂಬರಿ ತೆಗೆದುಕೊಂಡು ಹೋಗಿ ಪ್ರತಿ ಸಲವೂ ಅರ್ಧಕ್ಕೆ ತರುತ್ತಿದ್ದಳು. ಎರಡು ತಾಸಿನ ದಾರಿ, ಹೋಗುವಾಗ ಬರುವಾಗ ಸೇರಿ ನಾಲ್ಕು, ವಾರಕ್ಕೊಂದು ಕಾದಂಬರಿ ಆರಾಮಾಗಿ ಮುಗಿಯಬೇಕಲ್ಲ ಅಂತ ನನ್ನ ಲೆಕ್ಕ. ಅವಳು ಹೇಳಿದಳು, “ಅಕ್ಕಾ, ಕತಗಾಲ ದಾಟಿದ ಮೇಲೆ ಓದಿದರೆ ವಾಂತಿ.” ದೇವಿಮನೆ ಘಟ್ಟದ ತಿರುವುಗಳು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಘಟ್ಟದ ಬುಡದವರೆಗೆ ಅರ್ಧ ತಾಸು, ಮೇಲೆ ಬಂಡಲ ಬಂದ ಮೇಲೆ ಇನ್ನೊಂದು ಅರ್ಧ ತಾಸು. ಕಾದಂಬರಿಯನ್ನು ಹಾಗೆ ತುಂಡು ಮಾಡಿದರೆ ಅದರ ಜೀವ ಹೋಗುತ್ತದೆ. ಕತೆಗಳಿಗೆ ಬದಲಾಯಿಸಿದೆ. ಗೋಕರ್ಣದ ಜಯಂತ ಕಾಯ್ಕಿಣಿಯವರ ‘ಅಮೃತಬಳ್ಳಿ ಕಷಾಯ’, ‘ತೂಫಾನ್ ಮೇಲ್’. ಒಂದು ಕತೆ ಕುಮಟೆಯಲ್ಲಿ ಹಿಡಿದರೆ ಕತಗಾಲಕ್ಕೆ ಮುಗಿಯುತ್ತದೆ. ಘಟ್ಟದಲ್ಲಿ ಕಣ್ಣು ಮುಚ್ಚಿಕೊಂಡು ಅದನ್ನೇ ಮೆಲುಕು ಹಾಕಬಹುದು. ಮುಂಬಯಿಯ ಲೋಕಲ್ ಗಾಡಿಗಳ, ಚಾಳುಗಳ ಕತೆಗಳು ದೇವಿಮನೆ ಕಾಡಿನ ಮಧ್ಯೆ ಹೇಗೆ ಕೂರುತ್ತವೋ ಅಂತ ನನಗೆ ಕುತೂಹಲ. ಅವಳು ಹೇಳಿದ ಪ್ರಕಾರ, ಚೊಲೋ ಕೂರುತ್ತವೆ.

ಅಂಕೋಲೆಯ ನಂಟಿನ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೂಡ ಅವಳಿಗೆ ಕೊಟ್ಟೆ. ಸಣ್ಣ ಪುಸ್ತಕ, ನಾಲ್ಕು ದಿನದ ಬಸ್ಸು. ಅದೊಂದನ್ನು ಅವಳು ಘಟ್ಟದಲ್ಲೂ ಓದಿದಳಂತೆ. ಪರಿಣಾಮ ಏನಾಯಿತು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಲ್ಲಿ ನಮ್ಮ ಕೌಂಟರಿನ ಒಂದು ತಾಪತ್ರಯ ಹೇಳಬೇಕು. ಇಂಗ್ಲಿಷಿಗೆ ಹೋಗಿ ಬಹುಮಾನ ಪಡೆದ ಕನ್ನಡ ಪುಸ್ತಕ ಅಂದ ತಕ್ಷಣ ಜನ ಅದರ ಕನ್ನಡ ಪ್ರತಿ ಕೇಳಿಕೊಂಡು ಬರುತ್ತಾರೆ. ಜಯಂತರ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗಲೂ ಹಾಗೇ, 2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ಹಾಗೇ. ಎರಡೂ ಬೇರೆ ಬೇರೆ ಕಾಲದ ಕತೆಗಳನ್ನು ಆರಿಸಿ ಮಾಡಿದ ಇಂಗ್ಲಿಷ್ ಸಂಕಲನಗಳು. ಆ ಕತೆಗಳು ಕನ್ನಡದಲ್ಲಿ ಬೇರೆ ಬೇರೆ ಪುಸ್ತಕಗಳಲ್ಲಿ ಮೊದಲಿನಿಂದ ಇದ್ದವೇ. ಎಷ್ಟೋ ಗ್ರಂಥಾಲಯಗಳ ಕಪಾಟಿನಲ್ಲಿ ಕೈ ಮುಟ್ಟದೆ ಇದ್ದವು. “ಅದು ಅಲ್ಲ ಅಕ್ಕೋರೆ, ಬಹುಮಾನ ಬಂದದ್ದು ಕೊಡಿ” ಅನ್ನುತ್ತಾರೆ. ಕತೆಯ ಹೆಸರು ತೋರಿಸಿ, ಇದೇ ಅದು ಅಂತ ನಂಬಿಸಲು ಹತ್ತು ನಿಮಿಷ ಬೇಕು. ನಂಬುತ್ತಾರೆ. ನಂಬಿ ತೆಗೆದುಕೊಂಡು ಹೋದ ಮೇಲೆ ಬಾನು ಅವರ ಬೇರೆ ಪುಸ್ತಕವನ್ನೂ ಕೇಳುತ್ತಾರೆ. ಆಗ ಪಕ್ಕದಲ್ಲೇ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಇಟ್ಟಿರುತ್ತೇನೆ.

ಮಧ್ಯಾಹ್ನ ಮೂರರಿಂದ ನಾಲ್ಕೂವರೆ, ಮಕ್ಕಳು ಶಾಲೆಯಿಂದ ಬರುವವರೆಗೆ, ಅನ್ನುವ ಹೊತ್ತಿನವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ಹೆಂಗಸರು ತಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ನಮ್ಮಲ್ಲಿ ಮೂರು ಸಲ ಹೊಸ ರಟ್ಟು ಕಂಡಿದೆ. ಪ್ರತಿ ಸಲ ಬಿಚ್ಚಿಕೊಂಡದ್ದು ಬಾಲವಿಧವೆಗೆ ತಲೆ ಬೋಳಿಸುವ ಭಾಗದಲ್ಲೇ. ಅಲ್ಲೇ ಯಾರಾದರೂ ಪುಸ್ತಕವನ್ನು ಮಗುಚಿ ಇಟ್ಟು ಸುಮ್ಮನೆ ಕೂತಿರಬೇಕು.

ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ನಮ್ಮಿಂದ ಪುಸ್ತಕವೇ ಬೇಡ. ಕುರ್ಚಿ, ಫ್ಯಾನು, ಮೊಬೈಲಿಗೆ ಚಾರ್ಜು ಬೇಕು. ಎಫ್‌ಡಿಎ, ಎಸ್‌ಡಿಎ, ಪಿಡಿಒ ಅಂತ ಬೆಳಿಗ್ಗೆ ಬೀಗ ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಇರುತ್ತಾರೆ. ನನಗೆ ಇವರ ಮೇಲೆ ಪ್ರೀತಿ ಇದೆ, ಸ್ವಲ್ಪ ಸಂಕಟವೂ ಇದೆ. ಒಬ್ಬ ಹುಡುಗ ಕನ್ನಡದ ಎಂಟು ಜ್ಞಾನಪೀಠಗಳನ್ನೂ ಇಸವಿ ಸಮೇತ ಉಸಿರು ಬಿಡದೆ ಹೇಳುತ್ತಿದ್ದ: 1967 ಕುವೆಂಪು, 1973 ಬೇಂದ್ರೆ, 1977 ಕಾರಂತ, 1983 ಮಾಸ್ತಿ, 1990 ಗೋಕಾಕ, 1994 ಅನಂತಮೂರ್ತಿ, 1998 ಕಾರ್ನಾಡ, 2010 ಕಂಬಾರ. ಒಂದನ್ನಾದರೂ ಓದಿದ್ದೀಯಾ ತಮ್ಮಾ ಅಂದೆ. “ಪರೀಕ್ಷೆ ಆದಮೇಲೆ ಓದ್ತೆ ಅಕ್ಕೋರೆ.” ಪರೀಕ್ಷೆ ಆಗುವುದು ಎಂದಿಗೆ? ಒಂದು ಮುಗಿದರೆ ಇನ್ನೊಂದರ ಅಧಿಸೂಚನೆ. ಒಂದು ಶನಿವಾರ ಸಂಜೆ ಕರೆಂಟು ಹೋಗಿ ಎಲ್ಲರೂ ಜಗಲಿಗೆ ಬಂದು ನಿಂತಾಗ ‘ಮೂಕಜ್ಜಿಯ ಕನಸುಗಳು’ ಅವನ ಕೈಗೆ ಹಾಕಿದೆ. 1977 ಅಂದನಲ್ಲ, ಅದು ಇದೇ ಅಂತ. ಸೋಮವಾರ ಬಂದು, “ಇದರಲ್ಲಿ ಒಂದು ಪ್ರಶ್ನೆನೂ ಬರೂದಿಲ್ಲ ಅಕ್ಕೋರೆ” ಅಂದ. ಆದರೆ ವಾಪಸ್ ಕೊಡಲಿಲ್ಲ, ಚೀಲದಲ್ಲೇ ಇಟ್ಟುಕೊಂಡ. ಅವನಿಗೆ ಈಗ ನೌಕರಿ ಆಗಿದೆ. ಪುಸ್ತಕ ಇನ್ನೂ ಬರಬೇಕಷ್ಟೆ.

ಶಿರಸಿಯವರು ಗಿರೀಶ ಕಾರ್ನಾಡರನ್ನು ನಮ್ಮವರು ಅನ್ನುತ್ತೀರಿ, ಸರಿಯೇ, ಅವರ ಬಾಲ್ಯ ಇಲ್ಲೇ ಕಳೆದದ್ದು. ಈ ಊರಿನಲ್ಲಿ ನೋಡಿದ ನಾಟಕ, ಯಕ್ಷಗಾನಗಳ ಋಣವನ್ನು ಅವರು ಒಪ್ಪಿಕೊಂಡವರು. ಅವರ ಆತ್ಮಕತೆ ‘ಆಡಾಡತ ಆಯುಷ್ಯ’ ಇಲ್ಲಿಯ ನಿವೃತ್ತ ಮಾಸ್ತರುಗಳಿಗೆ ನಾನು ಕಣ್ಣು ಮುಚ್ಚಿ ಕೊಡುವ ಪುಸ್ತಕ. ಅವರು ಶಿರಸಿಯ ಪುಟಗಳನ್ನು ಎರಡು ಸಲ ಓದುತ್ತಾರೆ, ಧಾರವಾಡವನ್ನು ಒಂದು ಸಲ, ಮುಂದಿನದನ್ನು ಅರ್ಧ.

ಈಗ ನನ್ನದೊಂದು ಘನಕಾರ್ಯ. ಅಂಕೋಲೆ ಕಡೆಯ ಒಬ್ಬ ಯಜಮಾನರು, ಊರು ಕಾಡಂಚಿಗೆ. ಅವರಿಗೆ ಬೇಟೆಯ ಕತೆ ಬಿಟ್ಟರೆ ಬೇರೆ ಬೇಡ. ಕೆನೆತ್ ಆಂಡರ್ಸನ್ ಬರೆದದ್ದನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಸರಣಿ ಇದೆಯಲ್ಲ, ಅದನ್ನು ಎರಡು ಸುತ್ತು ಮುಗಿಸಿದ್ದರು. ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವೂ ಆಗಿತ್ತು. ಒಂದು ದಿನ ವಿಪರೀತ ಜನ. ಇವರು ಕಪಾಟಿನಿಂದ ತಾವೇ ಒಂದು ಪುಸ್ತಕ ಎತ್ತಿಕೊಂಡು ಬಂದರು. ನಾನು ನಂಬರು ಮಾತ್ರ ನೋಡಿ, ತಾರೀಖಿನ ಚೀಟಿಗೆ ಠಸ್ಸೆ ಒತ್ತಿ ಕೊಟ್ಟೆ. ಅವರು ಹೋದ ಮೇಲೆ ಹೊಳೆಯಿತು. ಅದು ‘ಶಿಕಾರಿ’. ಯಶವಂತ ಚಿತ್ತಾಲರದ್ದು. ಯಾರೋ, ಯಾರೋ ಏನು, ನಾನೇ ಇರಬೇಕು, ಹೆಸರು ನೋಡಿ ಅದನ್ನು ಹುಲಿ ಚಿರತೆಗಳ ಸಾಲಿನಲ್ಲಿ ಇಟ್ಟುಬಿಟ್ಟಿದ್ದೆವು.

ಓದಿದವರಿಗೆ ಗೊತ್ತು, 1979ರ ಆ ಕಾದಂಬರಿಯಲ್ಲಿ ಕಾಡೇ ಇಲ್ಲ. ಮುಂಬಯಿ, ಒಂದು ರಾಸಾಯನಿಕ ಕಂಪನಿ, ಅಲ್ಲಿ ಏಕಾಏಕಿ ನೌಕರಿಗೆ ಕುತ್ತು ಬಂದ ನಾಗಪ್ಪ. ತನ್ನ ಬೆನ್ನು ಹತ್ತಿದವರು ಯಾರು, ಯಾಕೆ ಅಂತ ತಿಳಿಯದ ಸ್ಥಿತಿ. ಗಟ್ಟಿ ಓದುಗರಿಗೂ ಮೊದಲ ನೂರು ಪುಟ ಕಷ್ಟ. ಯಜಮಾನರು ಬಂದು ಬೈಯುತ್ತಾರೆ ಅಂತ ಕಾದೆ. ಹದಿನೈದು ದಿನ ಬರಲಿಲ್ಲ, ತಿಂಗಳು ಬರಲಿಲ್ಲ. ನಡುವೆ ಒಮ್ಮೆ ಯಾರದೋ ಕೈಲಿ ಪುಸ್ತಕ ಕಳಿಸಿ ಅವಧಿ ಮುಂದೂಡಿಸಿಕೊಂಡರು. ಕೊನೆಗೆ ತಾವೇ ಬಂದರು. ಮೇಜಿನ ಮೇಲೆ ಪುಸ್ತಕ ಇಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ಕೇಳಿದರು: “ಈ ನಾಗಪ್ಪ ಯಾವ ಊರಿನವ ಅಂತ ಬರ್ದಿದ್ದಾರೆ ನೋಡಿದ್ರಾ? ಹನೇಹಳ್ಳಿ. ನಮ್ಮ ತಂಗಿ ಮನೆ ಇರೂದು ಹನೇಹಳ್ಳಿ.” ಕುಮಟಾ ತಾಲೂಕಿನ ಹನೇಹಳ್ಳಿ ಚಿತ್ತಾಲರು 1928ರಲ್ಲಿ ಹುಟ್ಟಿದ ಊರು, ಅಲ್ಲಿಂದಲೇ ಅವರು ಮುಂಬಯಿಗೆ ಹೋದದ್ದು ಅಂತ ಹೇಳಿದೆ. ಯಜಮಾನರ ಅಣ್ಣನೂ ಹಾಗೆ ಮುಂಬಯಿಗೆ ಹೋದವರಂತೆ. ಎಲ್ಲೋ ಕಾರಖಾನೆಯಲ್ಲಿದ್ದವರು ಒಂದು ವರ್ಷ ಇದ್ದಕ್ಕಿದ್ದಂತೆ ಊರಿಗೆ ಬಂದು ಕೂತರು, ಏನಾಯಿತು ಅಂತ ಸಾಯುವವರೆಗೆ ಹೇಳಲಿಲ್ಲ. “ಹಿಂಗೇ ಏನೋ ಆಗಿತ್ತು ಕಾಣ್ತದೆ.” ಅಷ್ಟು ಹೇಳಿ, ಹುಲಿದು ಏನಾದ್ರೂ ಹೊಸದು ಬಂದಿದೆಯಾ ಅಂದರು.

ಆ ಪುಸ್ತಕವನ್ನು ನಾನಾಗಿ ಅವರಿಗೆ ಎಂದೂ ಕೊಡುತ್ತಿರಲಿಲ್ಲ. ಮೂವತ್ತು ವರ್ಷದ ಅನುಭವ ಅಂತ ಈಗ ಇಲ್ಲಿ ಭಾಷಣ ಬಿಗಿಯುತ್ತಿದ್ದೇನಲ್ಲ, ಅದರ ಅಳತೆ ಇಷ್ಟು. ಅವತ್ತಿನಿಂದ ‘ಶಿಕಾರಿ’ಯನ್ನು ನಮ್ಮ ವರ್ಗಸಂಖ್ಯೆ 894.814ರ ಕನ್ನಡ ಸಾಹಿತ್ಯದ ಸಾಲಿಗೆ ಮರಳಿ ಸೇರಿಸಿದೆ, ನಿಯಮ ನಿಯಮವೇ. ಆದರೆ ಇನ್ನೊಂದು ಪ್ರತಿಯನ್ನು ಆಗಾಗ ಹುಲಿಗಳ ನಡುವೆ ಬಿಡುವುದುಂಟು.

ಇದರ ಉಲ್ಟಾ ಕೂಡ ಆಗಿದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಜೊತೆಗೆ ಚಿತ್ತಾಲರ ‘ಕುಮಟೆಗೆ ಬಂದಾ ಕಿಂದರಿಜೋಗಿ’ ಮಕ್ಕಳ ಕಪಾಟಿಗೆ ಹೋಗಿತ್ತು. ಅದು ದೊಡ್ಡವರ ಕತೆಗಳು. ಐದನೇ ತರಗತಿಯ ಕುಮಟೆಯ ಹುಡುಗಿ ತೆಗೆದುಕೊಂಡು ಹೋಗಿ ಮರುದಿನವೇ ತಂದು, “ಇದರಲ್ಲಿ ಇಲಿನೇ ಇಲ್ಲ” ಅಂತ ದೂರು ಕೊಟ್ಟಳು. ಅವಳಿಗೆ ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಕೊಟ್ಟು ಸಮಾಧಾನ ಮಾಡಿದೆ. 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಅದಕ್ಕೇ. ಮಕ್ಕಳ ವಿಷಯದಲ್ಲಿ ನನ್ನ ಒಂದೇ ಹಟ: ಅವರಿಗೆ ನೀತಿಕತೆ ಅಂತ ರಟ್ಟಿನ ಮೇಲೆ ಬರೆದದ್ದನ್ನು ಕೊಡಬೇಡಿ, ಅದನ್ನು ಅವರು ಆ ಕ್ಷಣಕ್ಕೇ ಗುರುತಿಸಿ ಬದಿಗಿಡುತ್ತಾರೆ. ಹಳ್ಳಿಗಳ ಮಕ್ಕಳಿಗೆ ಈಗ ಪಂಚಾಯತಿ ಗ್ರಂಥಾಲಯವೇ ಹತ್ತಿರ. 2020ರಲ್ಲಿ ಸರಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ. ಪೇಟೆಯವರು ಮನೆ ತೆರಿಗೆಯ ರಸೀದಿ ತೆಗೆದು ನೋಡಿ, ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಅಂತ ಇರುತ್ತದೆ. ದುಡ್ಡು ಕೊಟ್ಟಾಗಿದೆ, ಪುಸ್ತಕ ತೆಗೆದುಕೊಳ್ಳದೆ ಯಾಕೆ ಬಿಡುತ್ತೀರಿ?

ಕಣ್ಣು ಸರಿಯಾಗಿ ಕಾಣದ ಹಿರಿಯರ ಹೊತ್ತು ಎಲ್ಲಕ್ಕಿಂತ ಬೇರೆ. ಅವರಿಗೆ ದಿನ ಇಡೀ ಹೊತ್ತು ಇದೆ, ಕಣ್ಣಿಗೆ ಐದು ನಿಮಿಷ ಇದೆ. “ಯಂಗೆ ಕಣ್ಣು ಸಮಾ ಕಾಣ್ತಿಲ್ಲೆ ತಂಗಿ, ಸಣ್ಣ ಅಕ್ಷರ ಬ್ಯಾಡ” ಅನ್ನುವವರಿಗೆ ನಾನು ನಾಲ್ಕು ಸಾಲಿನ ಪುಸ್ತಕ ಕೊಡುತ್ತೇನೆ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ಒಂದು, ನಮ್ಮ ದಿನಕರ ದೇಸಾಯಿಯವರ ಚೌಪದಿಗಳು ಇನ್ನೊಂದು. ಬೆಳಿಗ್ಗೆ ನಾಲ್ಕು ಸಾಲು ನೋಡಿಕೊಂಡರೆ ಸಂಜೆಯವರೆಗೆ ಬಾಯಲ್ಲಿ ಆಡಿಸಲು ಸಾಕು. ದೇಸಾಯರ ಚುಟುಕದಲ್ಲಿ ನಗುವೂ ಉಂಟು, ರೈತರ ಪರವಾಗಿ ಬಡಿದಾಡಿದವರ ಖಾರವೂ ಉಂಟು.

ಕಗ್ಗದ ಹೆಸರಿಗೆ ಒಂದು ಮೋಜು ಆಯಿತು. ಕುಮಟೆಯಲ್ಲಿದ್ದಾಗ ಅಘನಾಶಿನಿ ದಂಡೆಯ ಒಬ್ಬ ರೈತರು “ಕಗ್ಗದ ಪುಸ್ತಕ ಉಂಟಾ?” ಅಂತ ಬಂದರು. ಸಂತೋಷದಿಂದ ಡಿವಿಜಿ ತೆಗೆದು ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, “ಇದರಲ್ಲಿ ಗಜನಿ ವಿಚಾರ ಎಲ್ಲಿದೆ?” ಅಂದರು. ಅವರು ಕೇಳಿದ್ದು ಕಗ್ಗ ಭತ್ತ. ಉಪ್ಪುನೀರು ಹೊಕ್ಕರೂ ಸಾಯದೆ ಗಜನಿ ಗದ್ದೆಯಲ್ಲಿ ನಿಲ್ಲುವ ತಳಿ. ಅದರ ಬಗ್ಗೆ ನಮ್ಮಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಎರಡು ಲೇಖನ ಹುಡುಕಿ ಕೊಟ್ಟೆ. ಡಿವಿಜಿಯವರನ್ನೂ ತೆಗೆದುಕೊಂಡು ಹೋಗಿ ಅಂದೆ. ಅವರು ಭಿಡೆಗೆ ಬಿದ್ದು ಒಯ್ದರು. ಅದು ಹನ್ನೆರಡನೇ ಪುಟದಲ್ಲಿ ಬಸ್ ಟಿಕೇಟಿನೊಂದಿಗೆ ವಾಪಸ್ ಬಂತು.

ಕಾರವಾರದಲ್ಲಿ ಮರಾಠಿ, ಕೊಂಕಣಿ, ಈಗ ನೌಕಾನೆಲೆ ಬಂದ ಮೇಲೆ ಹಿಂದಿ, ಬಂಗಾಲಿ ಕೇಳುವವರೂ ಇದ್ದಾರೆ. ಬಂಗಾಲಿ ಹೆಂಗಸೊಬ್ಬರಿಗೆ ನಾನು ಪುಸ್ತಕ ಕೊಡಲಾಗಲಿಲ್ಲ, ಆದರೆ ರವೀಂದ್ರನಾಥರು ತಮ್ಮ ‘ಜೀವನಸ್ಮೃತಿ’ಯಲ್ಲಿ ಕಾರವಾರಕ್ಕೆ ಒಂದು ಅಧ್ಯಾಯ ಕೊಟ್ಟಿದ್ದಾರೆ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದು ಒಂದು ನಾಟಕ ಬರೆದರು ಅಂತ ಹೇಳಿದೆ. ಅವರು ಮನೆಯಲ್ಲಿದ್ದ ಪ್ರತಿ ತೆಗೆದು ಓದಿ, ಮರುವಾರ ಬಂದು ನನಗೇ ಆ ಅಧ್ಯಾಯದ ಕತೆ ಹೇಳಿದರು. ಕೌಂಟರಿನ ಈಚೆಗೂ ಶಿಫಾರಸು ಬರುತ್ತದೆ.

ಕೊನೆಯದಾಗಿ ಓದು ಬಾರದವರ ಮಾತು. ಹಾಲಕ್ಕಿ ಒಕ್ಕಲಿಗರ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದು, ಅವಳು ಓದುವಷ್ಟು ಹೊತ್ತು ಬಾಗಿಲ ಹತ್ತಿರ ನೆಲದ ಮೇಲೆ ಕೂತಿರುತ್ತಿದ್ದರು. ಕುರ್ಚಿ ಕೊಟ್ಟರೆ ಬೇಡ. ಕುತ್ತಿಗೆ ತುಂಬ ಮಣಿಸರ. ಒಂದು ದಿನ ಮೊಮ್ಮಗಳ ಕೈಗೆ ಜನಪದ ಗೀತೆಗಳ ಸಂಗ್ರಹ ಕೊಟ್ಟು, ಅಜ್ಜಿಗೆ ಓದಿ ಹೇಳು ಅಂದೆ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕರಂಥವರು ಊರೂರು ಅಲೆದು ಬರೆದುಕೊಂಡ ಹಾಡುಗಳ ಪುಸ್ತಕಗಳು ನಮ್ಮಲ್ಲಿದ್ದವು, ಯಾರೂ ಮುಟ್ಟುತ್ತಿರಲಿಲ್ಲ. ಹುಡುಗಿ ಪಾಠ ಓದುವ ಹಾಗೆ ಓದತೊಡಗಿದಳು. ನಾಲ್ಕನೇ ಸಾಲಿಗೆ ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

“ಹಂಗಲ್ಲ ಮಗಾ ಅದು.”

ಪುಸ್ತಕದಲ್ಲಿ ಹಾಗೇ ಇದೆ ಅಜ್ಜಿ ಅಂದಳು ಹುಡುಗಿ. ಅಜ್ಜಿ ಪುಸ್ತಕದ ಕಡೆ ನೋಡಲೂ ಇಲ್ಲ, ಹಾಡಿಯೇ ತೋರಿಸಿದರು. ಓದುವ ಕೋಣೆಯಲ್ಲಿ ಮೌನ ಪಾಲಿಸಿ ಅನ್ನುವ ಫಲಕದ ಕೆಳಗೇ ಕೂತು, ಪೂರಾ ಹಾಡು. ಎಫ್‌ಡಿಎ ಹುಡುಗರು ತಲೆ ಎತ್ತಿ ನೋಡಿದರು. ಅಚ್ಚಾದದ್ದರಲ್ಲಿ ಇಲ್ಲದ ಎರಡು ಸಾಲು ಅಜ್ಜಿಯ ಹಾಡಿನಲ್ಲಿ ಇದ್ದವು.

ಗ್ರಂಥಾಲಯದ ಪುಸ್ತಕದಲ್ಲಿ ಗೀಚಿದರೆ ದಂಡ, ಅದನ್ನು ಜನರಿಂದ ವಸೂಲಿ ಮಾಡಿದವಳು ನಾನೇ. ಆ ಸಂಜೆ ಎಲ್ಲರೂ ಹೋದ ಮೇಲೆ ಆ ಪುಟ ತೆಗೆದು, ಅಂಚಿನ ಖಾಲಿ ಜಾಗದಲ್ಲಿ ಆ ಎರಡು ಸಾಲು ಬರೆದಿಟ್ಟೆ. ಪೆನ್ಸಿಲ್ಲಿನಲ್ಲೇ.